ಹಿಮಕರಡಿಯ ದಡದಲ್ಲಿ ಅತ್ತೆ

ಆ ಪ್ರವಾಸಕ್ಕೆ ಹೋಗಬೇಕಿದ್ದವರು ನಾನು ಮತ್ತು ನನ್ನ ಗಂಡ. ನಾರ್ವೆಗಿಂತಲೂ ಮೇಲೆ, ಉತ್ತರ ಧ್ರುವದ ಕಡೆಗಿರುವ ಸ್ವಾಲ್‌ಬಾರ್ಡ್ ದ್ವೀಪಗಳನ್ನು ಚಿಕ್ಕ ಹಡಗಿನಲ್ಲಿ ಸುತ್ತುವುದು, ರಬ್ಬರ್ ದೋಣಿಯಲ್ಲಿ ದಡಕ್ಕಿಳಿದು ಗೈಡುಗಳ ಹಿಂದೆ ನಡೆಯುವುದು, ಅದೃಷ್ಟವಿದ್ದರೆ ಹಿಮಕರಡಿ ನೋಡುವುದು. ಮದುವೆಯಾಗಿ ಇಪ್ಪತ್ತು ವರ್ಷವಾಯಿತೆಂಬ ಖುಷಿಗೆ ಬುಕ್ ಮಾಡಿದ್ದೆವು. ಹೊರಡಲು ಇನ್ನೇನು ತಿಂಗಳಿದೆ ಅನ್ನುವಾಗ ಇವರು ಗರಾಜಿನಲ್ಲಿದ್ದ ಹಳೆಯ ವಾಷಿಂಗ್ ಮೆಷಿನ್ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡರು. ಅಲೆಯ ಮೇಲೆ ಕುಣಿಯುವ ದೋಣಿಯ ಸಹವಾಸ ಬೇಡವೇ ಬೇಡ ಎಂದರು ಡಾಕ್ಟರು.

"ನೀ ಹೋಗಿ ಬಾ. ನನ್ನ ಟಿಕೆಟ್ ಮ್ಯಾಲೆ ಯಾರನ್ನಾರ ಕರ್ಕೊಂಡು ಹೋಗು," ಎಂದರು ಇವರು, ಹೀಟ್ ಪ್ಯಾಕ್ ಮೇಲೆ ಮಲಗಿಕೊಂಡು.

ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ನನ್ನ ಆಫೀಸಿನಲ್ಲಿ ಕೇಳಿ ನೋಡಿದೆ. ಒಬ್ಬಳಿಗೆ ರಜೆಯಿಲ್ಲ, ಇನ್ನೊಬ್ಬಳಿಗೆ ಇಲ್ಲಿಯ ಜುಲೈ ಚಳಿಯೇ ಸಾಕಾಗಿದೆ. ಶನಿವಾರ ಇವರು ಮೆಲ್ಬರ್ನಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟು, ಈ ಗೋಳನ್ನೆಲ್ಲ ತಾಯಿಗೆ ಹೇಳಿದರು. ಅತ್ತೆ ಇರುವುದು ಆ ಊರಿನ ಅಂಚಿನ ವಿಂಡಮ್ ವೇಲ್‌ನಲ್ಲಿ, ಭಾವನ ಮನೆಯಲ್ಲಿ. ಧಾರವಾಡದವರು, ಎಪ್ಪತ್ತು ದಾಟಿದೆ.

"ಟಿಕೆಟ್ ಖಾಲಿ ಐತೇನು? ಹಂಗಾರ ನಾ ಬರ್ತೀನಿ," ಎಂದರು ಅತ್ತೆ.

ಹಿಂದಿನಿಂದ ಭಾವನ ದನಿ ಕೇಳಿತು. "ಅವ್ವಾ, ಅಲ್ಲಿ ಕರಡಿ ಇರ್ತಾವ!"

"ಅದನ್ನ ನೋಡಾಕ ಅಲ್ಲೇನು ಹೋಗೂದು?"

ಇವರು ನಕ್ಕು ಸೊಂಟ ನೋಯಿಸಿಕೊಂಡರು. ನನಗೆ ನಗು ಬರಲಿಲ್ಲ. ಅತ್ತೆಗೂ ನನಗೂ ಜಗಳವೇನೂ ಇರಲಿಲ್ಲ. ಜಗಳವಾಗುವಷ್ಟು ಹತ್ತಿರವೇ ಇರಲಿಲ್ಲ. ನಾನು ಮಂಗಳೂರಿನವಳು, ನನ್ನ ಸಾರು, ನನ್ನ ಮಾತು, ನಾನು ಅನ್ನಕ್ಕೆ ಕೊಡುವ ಮರ್ಯಾದೆ, ಎಲ್ಲವೂ ಅವರಿಗೆ ಬೇರೆಯೇ. ದೀಪಾವಳಿಗೆ ಅವರು ಸಿಡ್ನಿಗೆ ಬಂದರೆ ನಾನು ಏನು ಮಾಡಿ ಬಡಿಸಿದರೂ "ಛಲೋ ಆಗೇತಿ" ಎನ್ನುತ್ತಿದ್ದರು. ನಾನು ಮುಗುಳ್ನಗುತ್ತಿದ್ದೆ. ಇಪ್ಪತ್ತು ವರ್ಷ ಹೀಗೇ ಕಳೆದಿತ್ತು. ಈಗ ಒಂದೇ ಕ್ಯಾಬಿನ್ನಿನಲ್ಲಿ, ಎರಡಡಿ ಅಂತರದ ಎರಡು ಹಾಸಿಗೆಗಳಲ್ಲಿ, ಅದೂ ಸೂರ್ಯ ಮುಳುಗದ ಊರಿನಲ್ಲಿ!

ಪ್ರವಾಸದ ಕಂಪನಿಯವರಾದರೂ ಬೇಡ ಅಂದಾರೆಂದು ಆಸೆಪಟ್ಟೆ. ಉಬ್ಬುತಗ್ಗಿನ ನೆಲದಲ್ಲಿ ನಡೆಯಬಲ್ಲರೇ, ದೋಣಿಗೆ ಕಾಲೆತ್ತಿ ಇಡಬಲ್ಲರೇ ಎಂದಷ್ಟೇ ಕೇಳಿದರು. ಒಂದು ವಾರದಲ್ಲಿ ಭಾವನ ಮಗಳಿಂದ ವಿಡಿಯೋ ಬಂತು. ಅತ್ತೆ ಸೀರೆ ಎತ್ತಿ ಕಟ್ಟಿ, ಭಾವನ ಮುಂಗೈ ಬಿಗಿಯಾಗಿ ಹಿಡಿದು, ಮನೆಯ ಬಾತ್‌ಟಬ್ಬಿಗೆ ಹತ್ತುತ್ತಿದ್ದಾರೆ, ಇಳಿಯುತ್ತಿದ್ದಾರೆ. ಹುಡುಗಿ ಹಿಂದಿನಿಂದ "ಅಜ್ಜಿ ಈಸ್ ಬೋರ್ಡಿಂಗ್!" ಎಂದು ಕೂಗುತ್ತಿದ್ದಾಳೆ. ಇನ್ನು ಬೇಡ ಅನ್ನಲು ನನಗೆ ಬಾಯಿಯೆಲ್ಲಿ?

ಹಾಗೆ ಆಸ್ಟ್ರೇಲಿಯಾದ ಚಳಿಗಾಲದಿಂದ ಹೊರಟು, ಅದಕ್ಕಿಂತ ಚಳಿಯ ಬೇಸಿಗೆಗೆ ಹೋದೆವು. ಅತ್ತೆಯ ಸೂಟ್‌ಕೇಸಿನ ಅರ್ಧ ಭಾಗ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ.

ಹಡಗು ಬಂದರು ಬಿಟ್ಟು ತೆರೆದ ಸಮುದ್ರಕ್ಕೆ ಬಂದದ್ದೇ ತಡ, ನಾನು ತಲೆಸುತ್ತಿ, ವಾಂತಿಯಾಗಿ ಮಲಗಿಬಿಟ್ಟೆ. ಸಮುದ್ರದ ಪಕ್ಕದಲ್ಲೇ ಬೆಳೆದವಳು ನಾನು. ಅತ್ತೆಯಾದರೋ ಕೆರೆ ಬಿಟ್ಟರೆ ದೊಡ್ಡ ನೀರು ಕಾಣದೆ ಬೆಳೆದವರು. ಅವರು ಆರಾಮಾಗಿ ಮೇಲಿನ ಮಹಡಿಗೆ ಹೋಗಿ ಬಂದು, "ಬಸ್ಸಿನ್ಯಾಗ ಹಿಂದಿನ ಸೀಟಿನಾಗ ಕುಂತಂಗ ಐತಿ, ಅಷ್ಟ," ಎಂದು ವರದಿ ಕೊಟ್ಟರು. ಆಮೇಲೆ ನನ್ನ ಹಾಸಿಗೆಯ ಅಂಚಿನಲ್ಲಿ ಕುಳಿತು ರೊಟ್ಟಿ ಮುರಿದು ಚೂರುಚೂರಾಗಿ ಕೈಗಿಟ್ಟರು. ಹಡಗಿನವರು ಕೊಟ್ಟ ಮಾತ್ರೆ ನಿಲ್ಲಿಸದ ವಾಂತಿಯನ್ನು ಆ ಒಣರೊಟ್ಟಿ ನಿಲ್ಲಿಸಿತು.

ಮರುದಿನ ಕಣ್ಣು ಬಿಟ್ಟಾಗ ಕಿಟಕಿಯ ತುಂಬ ಬೆಟ್ಟಗಳಿದ್ದವು. ಒಂದು ಮರವಿಲ್ಲ, ಪೊದೆಯಿಲ್ಲ. ಕಂದು ಬೆಟ್ಟಗಳ ನಡುವಿನಿಂದ ನೀಲಿ ಹಿಮನದಿ ನೇರ ಸಮುದ್ರಕ್ಕೆ ಇಳಿದು, ಅಲ್ಲಿ ಗೋಡೆಯಂತೆ ಮುರಿದು ನಿಂತಿತ್ತು. ನೀರಿನ ಮೇಲೆ ಮಂಜಿನ ಗಡ್ಡೆಗಳು ಚಟಚಟ ಸದ್ದು ಮಾಡುತ್ತ ತೇಲುತ್ತಿದ್ದವು. ಅವುಗಳೊಳಗೆ ಸಿಕ್ಕಿಕೊಂಡ ಹಳೆಯ ಗಾಳಿ ಹೊರಬರುವ ಸದ್ದು ಅದು ಎಂದು ನಮ್ಮ ಗೈಡ್ ಹೇಳಿದಳು. ಎತ್ತರದ ನಾರ್ವೆಯ ಹುಡುಗಿ, ಹೆಗಲಿಗೆ ಯಾವಾಗಲೂ ಬಂದೂಕು. ಕರಡಿಯನ್ನು ಕೊಲ್ಲಲಿಕ್ಕಲ್ಲ, ಎಲ್ಲ ದಾರಿ ಮುಚ್ಚಿದಾಗಿನ ಕೊನೆಯ ಉಪಾಯಕ್ಕೆ ಎಂದು ಮೊದಲೇ ತಿಳಿಸಿದ್ದಳು. ಇನ್ನೊಂದು ನಿಯಮ: ದಡದಿಂದ ಒಂದು ಕಲ್ಲನ್ನೂ ತರಬಾರದು, ದಡದಲ್ಲಿ ಏನನ್ನೂ ಬಿಡಬಾರದು. ನಾನು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಗಂಭೀರವಾಗಿ ತಲೆಯಾಡಿಸಿದರು.

ಮೊದಲ ದಡದಲ್ಲೇ ಆರ್ಕ್ಟಿಕ್ ಟರ್ನ್ ಎಂಬ ಬಿಳಿ ಹಕ್ಕಿಗಳು ನಮ್ಮ ಮೇಲೆ ಎರಗಿದವು. ಕೆಂಪು ಕೊಕ್ಕು, ಕರಿ ಟೋಪಿ, ಅಂಗೈ ಮೇಲೆ ಕೂರುವಷ್ಟು ಚಿಕ್ಕ ಮೈ, ಆದರೆ ಮರಿಗಳ ಹತ್ತಿರ ಸುಳಿದವರ ತಲೆ ಕುಕ್ಕದೆ ಬಿಡುವುದಿಲ್ಲ. ಜರ್ಮನಿಯ ದಂಪತಿ ಕೂಗಿಕೊಂಡು ಕುಳಿತುಬಿಟ್ಟರು. ಅತ್ತೆ ಮಾತ್ರ ತಣ್ಣಗೆ ತಮ್ಮ ಊರುಗೋಲನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಹಿಡಿದು ನಡೆದರು. ಹಕ್ಕಿಗಳು ಕೋಲಿನ ತುದಿಯನ್ನು ಬೈದು ಹಿಂದಿರುಗಿದವು.

"ನಿಮಗೆ ಹೇಗೆ ಗೊತ್ತು?" ಎಂದು ಗೈಡ್ ಕೇಳಿದಳು.

"ಮೆಲ್ಬರ್ನ್. ಮ್ಯಾಗ್‌ಪೈ," ಎಂದರು ಅತ್ತೆ. ಅವರ ಇಂಗ್ಲಿಷಿಗೆ ಅಷ್ಟು ಸಾಕಾಯಿತು; ಆ ಹಕ್ಕಿಯೂ ಅಲ್ಲಿ ಮರಿ ಮಾಡುವ ಕಾಲಕ್ಕೆ ದಾರಿಹೋಕರ ತಲೆಗೆ ಎರಗುತ್ತದೆ. ಅಂದಿನಿಂದ ಗೈಡ್ ಅವರ ಪಕ್ಕವೇ ನಡೆಯುತ್ತಿದ್ದಳು.

ಒಂದು ಮಧ್ಯಾಹ್ನ ಕಡಿದಾದ ಬಂಡೆಯ ಕೆಳಗೆ ದೋಣಿ ನಿಲ್ಲಿಸಿದರು. ಬಂಡೆಯ ತುಂಬ ಸಾಲುಸಾಲು ಕಪ್ಪುಬಿಳಿ ಹಕ್ಕಿಗಳು, ಕಿವಿಗಡಚಿಕ್ಕುವ ಗದ್ದಲ, ಮೀನುಪೇಟೆಯ ವಾಸನೆ. ನನಗಂತೂ ಊರಿಗೆ ಬಂದ ಹಾಗಾಯಿತು; ಅತ್ತೆ ಸೆರಗಿಲ್ಲದ್ದಕ್ಕೆ ಮಫ್ಲರಿನಲ್ಲಿ ಮೂಗು ಮುಚ್ಚಿಕೊಂಡರು. ಇನ್ನೂ ಹಾರಲು ಬಾರದ ಮರಿಯೊಂದು ಅಂಚಿಗೆ ಬಂದು, ಹಿಂದೆ ಸರಿದು, ಮತ್ತೆ ಬಂದು, ಕೊನೆಗೆ ಜಿಗಿದೇಬಿಟ್ಟಿತು. ಪಟಪಟ ರೆಕ್ಕೆ ಬಡಿಯುತ್ತ ನೀರಿಗೆ ಬಿತ್ತು. ಅದರ ಪಕ್ಕಕ್ಕೆ ದೊಡ್ಡ ಹಕ್ಕಿಯೊಂದು ಬಂದಿಳಿದು, ಎರಡೂ ಕೂಗಿಕೊಳ್ಳುತ್ತ ಸಮುದ್ರದ ಕಡೆ ಈಜಿದವು.

"ಅದು ತಂದೆಯಂತೆ," ಎಂದೆ. "ಇನ್ನು ಮೇಲೆ ಸಾಕುವುದೆಲ್ಲ ಅವನೇ."

"ಮತ್ತ ತಾಯಿ?"

"ತಾಯಿ ಸ್ವಲ್ಪ ದಿನ ಇಲ್ಲೇ ಇರ್ತದಂತೆ."

"ಛಲೋ ಆತು. ಆಕಿಗೂ ಒಂದೀಟು ಆರಾಮ ಬೇಕಲ್ಲ," ಎಂದರು ಅತ್ತೆ. ನಾನು ಅದನ್ನು ಅನುವಾದಿಸಿದ್ದೇ ದೋಣಿಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಕರಡಿ ಬಂದದ್ದು ಪ್ರವಾಸ ಮುಗಿಯುವ ಹೊತ್ತಿಗೆ. ವಿಶಾಲವಾದ, ಪಾಚಿ ಹಾಸಿದ ಕೊಲ್ಲಿಯ ದಡ ಅದು. ಬೆರಳಿಗಿಂತ ಚಿಕ್ಕ ನೇರಳೆ ಹೂಗಳು, ದೂರದಲ್ಲಿ ಮೇಯುವ ಹಿಮಸಾರಂಗಗಳು. ನಾವು ನಿಧಾನ ನಡೆಯುವವರ ಗುಂಪಿನಲ್ಲಿದ್ದೆವು. ಗೈಡ್ ನಿಂತು ದುರ್ಬೀನು ಎತ್ತಿದಳು, ರೇಡಿಯೋದಲ್ಲಿ ಏನೋ ಹೇಳಿದಳು, ಆಮೇಲೆ ಹವಾಮಾನದ ಬಗ್ಗೆ ಹೇಳುವಷ್ಟೇ ಶಾಂತವಾಗಿ, "ಎಲ್ಲರೂ ದೋಣಿಗೆ ಹೋಗೋಣ. ಓಡಬೇಡಿ," ಎಂದಳು. ಬಹಳ ದೂರದ ಗುಡ್ಡದ ಬುಡದಲ್ಲಿ ಹಳದಿ ಚುಕ್ಕೆಯೊಂದು ಚಲಿಸುತ್ತಿತ್ತು. ನಮ್ಮ ಕಡೆಗೇ.

ನಡೆದೆವು. ಬೇಸಿಗೆಯಲ್ಲಿ ಅಲ್ಲಿನ ಮೇಲ್ಮಣ್ಣು ಕರಗಿ ಕೆಸರಾಗಿರುತ್ತದೆ. ದೋಣಿ ಇನ್ನು ಸ್ವಲ್ಪ ದೂರವಿದೆ ಅನ್ನುವಾಗ ಅತ್ತೆಯ ಬೂಟು ಹೂತುಹೋಯಿತು. ಎಳೆದರೆ ಕಾಲು ಬಂತು, ಬೂಟು ಬರಲಿಲ್ಲ. ಅವರು ಒಂಟಿ ಕಾಲಲ್ಲಿ ನನ್ನ ಭುಜ ಹಿಡಿದು ನಿಂತು, ಬಗ್ಗಿ ಅದನ್ನು ಎಳೆಯತೊಡಗಿದರು.

"ಬಿಡಿ ಅತ್ತೆ, ಹೋಗೋಣ."

"ಏನೂ ಬಿಡಬಾರದು ಅಂದಾರಲ್ಲ!"

"ಬೂಟಿಗಲ್ಲ ಹೇಳಿದ್ದು!"

"ಬೂಟು ಅಂದ್ರ ಸಾಮಾನಲ್ಲೇನು?"

ಹಳದಿ ಚುಕ್ಕೆಗೆ ಈಗ ಕಾಲುಗಳು ಕಾಣುತ್ತಿದ್ದವು. ನನ್ನೊಳಗೆ ಏನೋ ಕಿತ್ತುಹೋಯಿತು. "ಎಂತ ಮಾರಾಯ್ರೇ ನಿಮ್ಮದು! ಬೂಟು ಹಾಳಾಗಿ ಹೋಗಲಿ! ಬಾಯಿ ಮುಚ್ಚಿ ನಡೀರಿ!" ಎಂದು ಆ ಕೊಲ್ಲಿಯೆಲ್ಲ ಕೇಳುವಂತೆ ಕಿರುಚಿದೆ.

ಅತ್ತೆ ನನ್ನನ್ನು ಒಂದು ಕ್ಷಣ ನೋಡಿದರು. ಬಾಯಿ ಮುಚ್ಚಿದರು. ಕಾಲುಚೀಲದಲ್ಲೇ ಕೆಸರು ತುಳಿಯುತ್ತ, ನನ್ನ ತೋಳು ಹಿಡಿದು ನಡೆದರು. ಹಿಂದೆ ಗೈಡ್ ಮಂಡಿಯೂರಿ ಎರಡೂ ಕೈಯಿಂದ ಬೂಟನ್ನು ಕಿತ್ತುಕೊಂಡು ಬಂದಳು; ಅವಳ ಜೊತೆಯ ಇನ್ನೊಬ್ಬ ಗೈಡ್ ಕರಡಿಯ ಮೇಲೆ ಕಣ್ಣಿಟ್ಟು ನಿಂತಿದ್ದ. ದೋಣಿಯ ಅಂಚಿನಲ್ಲಿ ಅತ್ತೆ ನಾವಿಕನ ಮುಂಗೈ ಹಿಡಿದು ಒಂದೇ ಹೆಜ್ಜೆಗೆ ಹತ್ತಿ ಕುಳಿತರು.

ದೋಣಿಗಳು ನೀರಿನಲ್ಲಿ ಸಾಕಷ್ಟು ದೂರ ಸರಿದು ನಿಂತವು. ಕರಡಿ ಅವಸರವಿಲ್ಲದೆ ಬಂದು ನಾವು ನಡೆದ ಜಾಗವನ್ನು ಮೂಸಿತು, ತಲೆಯೆತ್ತಿ ಗಾಳಿ ಹಿಡಿಯಿತು, ಆಮೇಲೆ ನಮ್ಮಲ್ಲಿ ಆಸಕ್ತಿ ಕಳೆದುಕೊಂಡು ದಡದ ಗುಂಟ ನಡೆದುಹೋಯಿತು. ದುರ್ಬೀನಿನಲ್ಲಿ ಅದರ ಒದ್ದೆ ಕುತ್ತಿಗೆ, ಕಪ್ಪು ಮೂಗು ಕಂಡವು. ಇಷ್ಟು ದೊಡ್ಡ ಪ್ರಾಣಿ ಇಷ್ಟು ಮೆತ್ತಗೆ ನಡೆಯಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಕ್ಯಾಬಿನ್ನಿಗೆ ಬಂದು ಕಾಲುಚೀಲ ಹಿಂಡುತ್ತ ಕ್ಷಮೆ ಕೇಳಲು ಬಾಯಿ ತೆರೆದೆ. ಅತ್ತೆ ಬಿಡಲಿಲ್ಲ.

"ನಿನಗ ಸಿಟ್ಟೂ ಬರ್ತೈತಿ ಅಂತಾತು," ಎಂದರು. ಮುಖದಲ್ಲಿ ನಗು ತುಳುಕುತ್ತಿತ್ತು. "ಇಷ್ಟು ವರ್ಷ ಬರೇ ನಗತಿದ್ದಿ. ಈಕಿ ಮನಸಿನ್ಯಾಗ ಏನೈತಿ ಅಂತ ನನಗ ತಿಳೀತಿದ್ದಿಲ್ಲ. ಅಂಜಿಕಿ ಆಗತಿತ್ತು."

"ನಿಮಗೆ ನನ್ನ ಕಂಡರೆ ಅಂಜಿಕೆಯಾ? ನಾನು ಏನು ಮಾಡಿದರೂ ನೀವು ಛಲೋ ಅಂತೀರಿ. ನನಗೆ ನಿಮ್ಮನ್ನು ಕಂಡರೆ ಅಂಜಿಕೆ."

"ನಿನ್ನ ಸಾರು ಛಲೋ ಇರಂಗಿಲ್ಲ ನೋಡವ್ವಾ," ಎಂದರು ಅತ್ತೆ. "ಕೊಬ್ಬರಿ ಭಾಳ ಹಾಕ್ತಿ."

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಆಮೇಲೆ ಮಾತು ನಿಲ್ಲಲೇ ಇಲ್ಲ. ಇವರ ಸೋಮಾರಿತನ, ಭಾವನ ಜಿಪುಣತನ, ಅವರ ಅತ್ತೆ, ನನ್ನ ಅಮ್ಮ, ಎಲ್ಲ ಬಂದುಹೋದರು. ಹೊರಗೆ ಕತ್ತಲೆಯಾಗದಿದ್ದುದರಿಂದ ಮಲಗುವ ಹೊತ್ತಾಯಿತೆಂದು ಹೇಳುವವರೂ ಇರಲಿಲ್ಲ.

ಹಿಂದಿರುಗಿದ ಮೇಲೆ ಅವರು ಮಗನ ಸೊಂಟ ನೋಡಿಕೊಳ್ಳುವ ನೆಪದಲ್ಲಿ ಸಿಡ್ನಿಯಲ್ಲಿ ಎರಡು ವಾರ ಉಳಿದರು. ಅಡುಗೆಮನೆಯಲ್ಲಿ ನಾವಿಬ್ಬರೂ ದನಿಯೆತ್ತಿ ವಾದಿಸುವುದನ್ನು ಕೇಳಿ ಇವರು ಗಾಬರಿಯಾಗಿ, ಗೋಡೆ ಹಿಡಿದುಕೊಂಡು ಬಂದು ಇಣುಕಿದರು.

"ಏನಾತು? ಜಗಳೇನು?"

"ಹೌದು, ನೀ ನಡಿ," ಎಂದರು ಅತ್ತೆ, ನನ್ನ ಕೈಯಿಂದ ಸೌಟು ಕಿತ್ತುಕೊಳ್ಳುತ್ತ.