ಯಾವ ನಲವತ್ತೆಂಟು?

ಹೋದ ವಾರ ಬಣ್ಣ ಹೊಡೆಯುವವನು ನಮ್ಮ ಮುಂಬಾಗಿಲಿನ ಚೌಕಟ್ಟನ್ನು ಉಜ್ಜಿ ಅಗಸೆ ಎಣ್ಣೆ ಸವರಿದ. ಹಳೆಯ ಸಾಗವಾನಿಯ ಮೇಲೆ ಆ ಎಣ್ಣೆಯ ವಾಸನೆ... ಎದುರುಮನೆಯ ಬಡಿಗ ಕಾಕಾನೇ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು.

ಆಗ ನಾವಿದ್ದದ್ದು ಬೀಳಗಿ ಕಡೆಯ ಹೊಳೆದಂಡೆಯ ಊರಲ್ಲಿ. ಆಣೆಕಟ್ಟಿನ ಹಿನ್ನೀರಿಗೆ ಊರು ಮುಳುಗುವುದಿತ್ತು. ಎಲ್ಲರೂ ಪುನರ್ವಸತಿ ಕೇಂದ್ರದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದರು. ಕಾಯಿಲೆ ಬಿದ್ದಿದ್ದ ನಮ್ಮ ಅಜ್ಜಿ, ಅಂದರೆ ಆಯಿಯದು ಒಂದೇ ಹಟ. ಅಜ್ಜ ಕೆತ್ತಿಸಿದ ಬಾಗಿಲು ಹೊಸ ಮನೆಗೆ ಬರಬೇಕು, ತಾನು ಅದನ್ನು ದಾಟಿಯೇ ಒಳಗೆ ಹೋಗಬೇಕು.

ನಾನು ಹತ್ತನೇ ಇಯತ್ತೆ. ಗಣಿತದಲ್ಲಿ ಮುಂದು ಎಂಬ ಸೊಕ್ಕು ಬೇರೆ. ಟೇಪು ಹಿಡಿದು ಚೌಕಟ್ಟಿನ ಅಗಲ ಅಳೆದೆ, ನಲವತ್ತೆಂಟು ಇಂಚು. ಗೋಡೆ ಕಟ್ಟುವ ಗೌಂಡಿಗೆ ಅಷ್ಟೇ ಜಾಗ ಬಿಡಲು ಹೇಳಿದರಾಯಿತು ಅಂದೆ.

"ಯಾವ ನಲವತ್ತೆಂಟು, ತಂಗಿ?" ಎಂದರು ಕಾಕಾ.

ನಾನು ಹತ್ತಿರದ ಇಂಚಿಗೆ ಓದಿದ್ದೆ, ಅಷ್ಟೇ. ಅವರು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಹಲಗೆಯ ಮೇಲೆ ಬರೆದು ತೋರಿಸಿದರು. ನನ್ನ ನಲವತ್ತೆಂಟರ ಕಟ್ಟಿಗೆ ನಲವತ್ತೆಂಟೂವರೆಯ ತನಕ ಇರಬಹುದು. ಗೌಂಡಿಯ ನಲವತ್ತೆಂಟು ನಲವತ್ತೇಳೂವರೆಯೂ ಆಗಬಹುದು. ಆಗ ಒಂದಿಡೀ ಇಂಚು ಕಡಿಮೆ. ಹೆರೆಯೋಣವೆಂದರೆ ಅಂಚಿನವರೆಗೂ ಬಳ್ಳಿಯ ಕೆತ್ತನೆ.

"ಒಳಗ ಹೋಗೂದನ್ನ ದೊಡ್ಡದಂತ ಹಿಡಿ, ಹೋಗೂ ಜಾಗಾ ಸಣ್ಣದಂತ ಹಿಡಿ. ಗೌಂಡಿಗೆ ನಲವತ್ತೊಂಬತ್ತ ಬಿಡಂತ ಹೇಳು. ಸಂದು ಉಳದ್ರ ತುಂಬಾಕ ಬರತೈತಿ, ಬಳ್ಳಿ ಹೋದ್ರ ಬರೂದಿಲ್ಲ."

ನೀರು ಬರಲು ಇನ್ನು ಹದಿನೈದು ದಿನ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಒಂದು ಬಾಗಿಲನ್ನು ಬಿಚ್ಚಿ ಇನ್ನೊಂದೆಡೆ ಕೂಡಿಸಲು ವಾರವೇ ಹಿಡಿಯುತ್ತಿತ್ತು. ಕಾಕಾ ತಮ್ಮ ಮನೆಯದನ್ನು ಹಾಗೇ ಬಿಟ್ಟು ಮೊದಲು ನಮ್ಮದಕ್ಕೆ ಕೈ ಹಚ್ಚಿದರು. ಚಕ್ಕಡಿ ಗಾಡಿಯಲ್ಲಿ ತಂದು ಹೊಸ ಗೋಡೆಗೆ ಕೂಡಿಸಿದರು. ಬಳ್ಳಿಯ ಒಂದೆಲೆಯೂ ಮುಕ್ಕಾಗಲಿಲ್ಲ. ಆಯಿ ಹೊಸ್ತಿಲಿಗೆ ಹಣೆ ಹಚ್ಚಿ ಒಳಗೆ ಬಂದಳು.

ಹತ್ತನೆಯ ದಿನಕ್ಕೇ ನೀರು ಊರೊಳಗೆ ಬಂತು. ಕಾಕಾ ಬಿಚ್ಚಿ ಮುಗಿಸುವ ಮೊದಲೇ ಮಣ್ಣಿನ ಗೋಡೆ ನೆನೆದು ಕುಸಿದು ಅವರ ಮನೆಯ ಬಾಗಿಲು ನೀರುಪಾಲಾಯಿತು. ಅವರಪ್ಪ ಕೈಯಾರೆ ಮಾಡಿದ್ದ ಬಾಗಿಲದು. ಖಾಲಿ ಚಕ್ಕಡಿಯಲ್ಲಿ ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ನನಗೆ ತಡೆಯಲಾಗಲಿಲ್ಲ.

"ಕಾಕಾ, ಹದಿನೈದಂದ್ರ ಹತ್ತೂ ಆಗಬಹುದಂತ ನಿಮಗ ತಿಳೀಲಿಲ್ಲೇನ್ರಿ?"

"ತಿಳದಿತ್ತ, ತಂಗಿ. ಆದ್ರ ನಿಮ್ಮಾಯಿ ದಿನಾ ಎಷ್ಟ ಉಳದಾವಂತ ತಿಳದಿರಲಿಲ್ಲ. ಅವನ್ನ ಸಣ್ಣವಂತ ಹಿಡದ್ನಿ."

ನಾನು ಒಳಗೆ ಓಡಿಹೋಗಿ ಅತ್ತೆ.

ಆಯಿ ಆಮೇಲೆ ಒಂಬತ್ತು ವರ್ಷ ಬದುಕಿದಳು. ಕಾಕಾ ಮೂರನೆಯ ವರ್ಷವೇ ಹೋದರು. ಕೊನೆಯವರೆಗೂ ಅವರ ಮನೆಗೆ ತಗಡಿನ ಬಾಗಿಲೇ. ಆಯಿ ಚೌಕಟ್ಟು ಹಿಡಿದು ಹೊರಗೆ ಬರುವಾಗಲೆಲ್ಲ ಗೊಣಗುತ್ತಿದ್ದಳು: "ನನ್ನ ದಿನಾ ಸಣ್ಣವಂತ ಹಿಡದಾ, ತನ್ನವು ದೊಡ್ಡವಂತ ಹಿಡದಾ. ಹುಚ್ಚ ಖೋಡಿ..."

ಈಗ ಆಯಿಯೂ ಇಲ್ಲ. ಬಣ್ಣದವನು ಚೌಕಟ್ಟಿನ ಪಕ್ಕದ ಸಂದು ತೋರಿಸಿ, "ಅಕ್ಕಾರ, ಇದನ್ನ ಕೆದರಿ ಹೊಸಾದು ತುಂಬ್ಲೇನ್ರಿ?" ಎಂದು ಕೇಳಿದ. ಒಳಗೆ ಕಾಕಾ ತುಂಬಿದ ಮಣ್ಣು, ಕಟ್ಟಿಗೆಯ ಚೂರು ಇನ್ನೂ ಗಟ್ಟಿಯಾಗಿವೆ. ಬೇಡವೆಂದೆ. ಅವರ ಬೆರಳಿನ ಗುರುತು ಉಳಿದಿರುವುದು ಅಲ್ಲಿ ಮಾತ್ರ.