ಮೂರು ಸಲ ಕೇಳಬೇಕಾದ ಮುನಿಗಂಗಮ್ಮ

ಆರ್.ಟಿ. ನಗರದ ಕೆಲವು ಬೀದಿಗಳಲ್ಲಿ ಮುನಿಗಂಗಮ್ಮನ ದನಿ ಕೇಳಿದರೆ ಹೆಂಗಸರು ಪ್ಲಾಸ್ಟಿಕ್ ಪೊರಕೆಯನ್ನು ಬಾಗಿಲ ಹಿಂದೆ ಅಡಗಿಸುತ್ತಿದ್ದರು. ತಲೆಯ ಮೇಲೆ ಹಂಚಿಕಡ್ಡಿ ಪೊರಕೆಯ ಹೊರೆ, ಬಾಯಲ್ಲಿ ಎಲೆಅಡಿಕೆ, ಕಾಲಲ್ಲಿ ಗಂಡನ ಹಳೆಯ ಚಪ್ಪಲಿ. ಅಂಗಡಿಯ ಪೊರಕೆ ಕೊಂಡ ಮನೆಯೆಂದು ಗೊತ್ತಾದರೆ ಸಾಕು, ಗೇಟಿನ ಹೊರಗೇ ನಿಂತು ವರಾಂಡದ ಯಾವ ಮೂಲೆಯಲ್ಲಿ ಧೂಳು ಉಳಿದಿದೆಯೆಂದು ಬೆರಳು ಮಾಡಿ ತೋರಿಸುತ್ತಿದ್ದಳು. ತನ್ನ ಪೊರಕೆಯಂಥದು ಯಶವಂತಪುರದ ಮಾರ್ಕೆಟ್ಟಿನಲ್ಲೂ ಸಿಗುವುದಿಲ್ಲ ಎಂದು ನಾಚಿಕೆಯಿಲ್ಲದೆ ಹೇಳುತ್ತಿದ್ದಳು. ಅದು ನಿಜವೂ ಆಗಿದ್ದರಿಂದ ಯಾರೂ ಎದುರಾಡುವಂತಿರಲಿಲ್ಲ.

ಸಂಜೆ ಬಸ್ಸಿಳಿದು ಹೆಸರಘಟ್ಟದಾಚೆಯ ಗುಡ್ಡದ ಬುಡಕ್ಕೆ ಬಂದಳೆಂದರೆ ಇವಳೇ ಬೇರೆ. ಅಲ್ಲಿ ಇಪ್ಪತ್ತೆರಡು ಮನೆಗಳ ಇರುಳಿಗರ ಹಟ್ಟಿ. ಅವಳ ಅಜ್ಜನ ಕಾಲದಲ್ಲಿ ಮಾಗಡಿ ಕಡೆಯ ಕಾಡಿನಿಂದ ಬಂದು ನೆಲೆನಿಂತ ಬುಡಕಟ್ಟಿನ ಜನ. ತನ್ನನ್ನು ತಾನು ಹೊಗಳಿಕೊಳ್ಳುವುದೆಂದರೆ ಈ ಹಟ್ಟಿಯವರಿಗೆ ಮೈಯೆಲ್ಲ ಉರಿ. ಜೇನು ತಂದವನು 'ಸಿಕ್ತು' ಎನ್ನಬೇಕೇ ಹೊರತು 'ನಾನು ತಂದೆ' ಎನ್ನುವಂತಿಲ್ಲ. ಹಿರಿತನದ ಮಾತು ಬಂದರಂತೂ ಇನ್ನೂ ಬಿಗಿ. ಯಜಮಾನಿಕೆಗೆ ಯಾರನ್ನಾದರೂ ಕರೆದರೆ ಮೊದಲ ಸಲ ಅವರು ಒಲ್ಲೆನೆನ್ನಬೇಕು. ಎಲೆಅಡಿಕೆ ತಟ್ಟೆ ಒಂದು ಸುತ್ತು ಬಂದ ಮೇಲೆ ಎರಡನೆಯ ಸಲ ಕೇಳುತ್ತಾರೆ, ಆಗಲೂ ಒಲ್ಲೆನೆನ್ನಬೇಕು. ತಟ್ಟೆ ಇನ್ನೊಂದು ಸುತ್ತು ಬಂದು ಮೂರನೆಯ ಸಲ ಕೇಳಿದಾಗ ಒಪ್ಪಿದರೆ ಅದು ಮರ್ಯಾದೆ. ಮೊದಲ ಸಲಕ್ಕೇ ತಲೆಯಾಡಿಸಿದವನನ್ನು ಆಸೆಬುರುಕನೆಂದು ಅವನ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ. ಈಗಿನ ಯಜಮಾನ ಲಕ್ಕಣ್ಣ ಮುನಿಗಂಗಮ್ಮನ ಸೋದರಮಾವ. ಅವನನ್ನು ಮೂರನೆಯ ಸಲ ಕೇಳಲು ಹೋದರೆ ಆಸಾಮಿ ಬೇಲಿಯ ಮರೆಯಲ್ಲಿ ಅಡಗಿ ಕೂತಿದ್ದನಂತೆ; ಅಷ್ಟು ಮರ್ಯಾದಸ್ಥ.

ಮುನಿಗಂಗಮ್ಮನಿಗೆ ಇದ್ದ ಸಂಕಟ ಒಂದೇ, ಅದು ಗುಡ್ಡದ್ದು. ಪೊರಕೆಯ ಹಂಚಿಹುಲ್ಲನ್ನು ತೆನೆ ಬಲಿತು ಬೀಜ ಉದುರಿದ ಮೇಲೆಯೇ ಕೊಯ್ಯಬೇಕು. ಆಗ ಕಡ್ಡಿಯೂ ಗಟ್ಟಿ, ಮುಂದಿನ ವರ್ಷಕ್ಕೆ ಹುಲ್ಲೂ ಉಂಟು. ಆದರೆ ಕೊಯ್ಲನ್ನು ಪ್ರತಿ ವರ್ಷ ಕೆಳಗಿನ ಊರಿನ ದೊಡ್ಡವರು ಒಬ್ಬ ಕಂಟ್ರಾಕ್ಟರನಿಗೆ ಬಿಟ್ಟುಬಿಡುತ್ತಿದ್ದರು. ಅವನಿಗೆ ಬೀಜದ ಚಿಂತೆ ಯಾಕೆ? ದೀಪಾವಳಿ ಮುಗಿಯುತ್ತಲೇ ಲಾರಿ ತಂದು ನಿಲ್ಲಿಸಿ, ಹಟ್ಟಿಯವರನ್ನೇ ಕೂಲಿಗೆ ಕರೆದು, ಹುಲ್ಲನ್ನು ಹಸಿಹಸಿಯಾಗಿ ಕೊಯ್ಸುತ್ತಿದ್ದ. ಗುಡ್ಡದ ಒಂದು ಮಗ್ಗುಲು ಆಗಲೇ ಬೋಳಾಗಿತ್ತು. ಇನ್ನು ನಾಲ್ಕೈದು ವರ್ಷ ಹೀಗೇ ನಡೆದರೆ ಪೊರಕೆ ಕಟ್ಟಲು ಕಡ್ಡಿಯೇ ಇರುವುದಿಲ್ಲ, ಹಟ್ಟಿಯೂ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಬಲಿಯದ ಹುಲ್ಲಿಗೆ ತಾನೇ ಕುಡುಗೋಲು ಹಾಕುವಾಗ ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬರುತ್ತಿದ್ದವು. ಅಳುವನ್ನು ನುಂಗಿಕೊಳ್ಳುತ್ತಿದ್ದಳು. ಸಿಟ್ಟನ್ನು ಮಾತ್ರ ಆರ್.ಟಿ. ನಗರದವರು ಅನುಭವಿಸಬೇಕಾಗುತ್ತಿತ್ತು.

೨೦೧೪ರಲ್ಲಿ ಬ್ಯಾಟರಾಯನಪುರದಲ್ಲಿ ಅವಳ ಹಳೆಯ ಗಿರಾಕಿಯೊಬ್ಬಳು ದಾರಿ ತೋರಿಸಿದಳು. ಧನಲಕ್ಷ್ಮಿ ಎಂದು ಹೆಸರು, ವೃತ್ತಿಯಲ್ಲಿ ವಕೀಲೆ. ಕಾಡು ನಂಬಿ ಬದುಕುವ ಬುಡಕಟ್ಟಿನವರು ತಮ್ಮ ಹಟ್ಟಿಯದೇ ಗ್ರಾಮಸಭೆ ಸೇರಿಸಿ, ತಮ್ಮದೇ ಅರಣ್ಯ ಹಕ್ಕು ಸಮಿತಿ ಮಾಡಿಕೊಂಡು, ಹುಲ್ಲು ಜೇನಿನ ಮೇಲೆ ಹಕ್ಕು ಕೇಳಬಹುದು, ಅದಕ್ಕೆ ಕಾನೂನೇ ಇದೆ ಎಂದಳು. ಮುನಿಗಂಗಮ್ಮ ಹೊರೆ ಇಳಿಸಿ, ಗೇಟಿನ ಬಳಿಯೇ ಕೂತು, ಅದನ್ನು ಮೊದಲಿಂದ ಕೊನೆಯವರೆಗೆ ಮತ್ತೊಮ್ಮೆ ಹೇಳಿಸಿಕೊಂಡಳು. ಹಟ್ಟಿಗೆ ಬಂದು ಲಕ್ಕಣ್ಣನಿಗೆ 'ಯಾರೋ ಮಾತಾಡ್ಕೊಳ್ತಿದ್ರು' ಎಂದು ತಿಳಿಸಿದಳು. ಅರ್ಜಿ ಬರೆಸಿದ್ದು, ಇಪ್ಪತ್ತೆರಡು ಮನೆಯ ಹೆಬ್ಬೆಟ್ಟು ಹಾಕಿಸಿದ್ದು, ಪಂಚಾಯಿತಿ ಕಚೇರಿಗೆ ಎಂಟು ಸಲ ಅಲೆದದ್ದು ಎಲ್ಲ ಅವಳೇ. ಸಮಿತಿಗೆ ಅಧ್ಯಕ್ಷೆ ಯಾರಾಗಬೇಕೆಂಬುದು ಹಟ್ಟಿಯ ನಾಯಿಗಳಿಗೂ ಗೊತ್ತಿತ್ತು. ಆದರೆ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಸಭೆ ಒಂದು ಗುರುವಾರ ಬೆಳಿಗ್ಗೆ ಹೊಂಗೆಮರದ ಕೆಳಗೆ ಸೇರಿತು. ಪಂಚಾಯಿತಿಯಿಂದ ಬಂದ ಅಧಿಕಾರಿ ಕಾಶಿನಾಥ ಕಲಬುರಗಿ ಕಡೆಯವನು, ಇಲ್ಲಿಗೆ ವರ್ಗವಾಗಿ ತಿಂಗಳಾಗಿತ್ತು. ಒಳ್ಳೆಯ ಮನುಷ್ಯ. ಇದ್ದ ದೋಷವೆಂದರೆ ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ ಎಂದು ತಿಳಿಯುವವನು. ಕೆಳಗಿನ ಊರಿನಿಂದ ಉಮೇಶನೂ ಬಂದಿದ್ದ. ಅವನದು ಹೊಲಗಳನ್ನು ಸೈಟು ಮಾಡಿ ಮಾರಿದ ಮನೆತನ, ನಗುಮುಖದ ಮಾತುಗಾರ. ಹಟ್ಟಿಯವರಿಗೆ ಸಮಿತಿ ಮಾಡಲು ಆಗದಿದ್ದರೆ ಅವರಿಗ್ಯಾಕೆ ತೊಂದರೆ, ಗುಡ್ಡವನ್ನು ತಮ್ಮ ಊರಿನ ಸಮಿತಿಯೇ ನೋಡಿಕೊಳ್ಳುತ್ತದೆ ಎಂದು ಬಂದೊಡನೆ ಹೇಳಿ ಬುಲೆಟ್ಟಿಗೆ ಒರಗಿ ನಿಂತ.

ಅಧ್ಯಕ್ಷರು ಯಾರೆಂದು ಕಾಶಿನಾಥ ಕೇಳಿದ. ಲಕ್ಕಣ್ಣ ಮುನಿಗಂಗಿಯ ಹೆಸರು ಹೇಳಿದ. ಕಾಶಿನಾಥ ಅವಳ ಕಡೆ ತಿರುಗಿ, ಒಪ್ಪಿಗಿ ಅದ ಏನ್ರಿ ಅಮ್ಮಾ ಎಂದ. ಮುನಿಗಂಗಮ್ಮ ಸೆರಗು ತಲೆಗೆಳೆದುಕೊಂಡು ತನಗ್ಯಾಕೆ ಅದೆಲ್ಲ, ತನಗೇನು ಗೊತ್ತು ಎಂದಳು. ಎಷ್ಟು ಚೆನ್ನಾಗಿ ಅಂದಳೆಂದರೆ ಹಳಬರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಚ್ಚಿಕೊಂಡರು. ಎಲೆಅಡಿಕೆ ತಟ್ಟೆ ಹೊರಟಿತು. ಕಾಶಿನಾಥ ಪುಸ್ತಕದಲ್ಲಿ 'ಒಪ್ಪಲಿಲ್ಲ' ಎಂದು ಬರೆದ.

ಮತ್ತೊಬ್ಬರ ಹೆಸರು ಹೇಳಿ ಎಂದ. ಯಾರೂ ಹೇಳಲಿಲ್ಲ. ಒಬ್ಬಳನ್ನು ಮೂರು ಸಲ ಕೇಳುವ ಮೊದಲು ಇನ್ನೊಬ್ಬರ ಹೆಸರೆತ್ತುವುದೆಂದರೆ ಅವಳಿಗೆ ಅವಮಾನ. ಪಾಪ, ಆತ ತಾನೇ ಎದ್ದು ಎದುರಿಗೆ ಕೂತವರನ್ನು ಒಬ್ಬೊಬ್ಬರನ್ನಾಗಿ ಕೇಳಿದ. ಎಲ್ಲರೂ ವಿನಯದಿಂದ ಒಲ್ಲೆನೆಂದರು. ಯಾರೂ ಮುಂದೆ ಬಂದಿಲ್ಲವೆಂದು ಬರೆದುಕೊಂಡು ಕಾಶಿನಾಥ ಪೆನ್ನಿನ ಕ್ಯಾಪು ಹಾಕಿದ. ಉಮೇಶ ಬುಲೆಟ್ ಬಿಟ್ಟು ಮುಂದೆ ಬಂದ.

ತಟ್ಟೆ ಒಂದು ಸುತ್ತು ಮುಗಿಸಿತ್ತು, ಎರಡನೆಯ ಸಲ ಕೇಳಬೇಕೆಂದು ಈ ಅಧಿಕಾರಿಗೆ ಗೊತ್ತಿಲ್ಲ. ತಾನೇ ಆಗುತ್ತೇನೆ ಎಂದುಬಿಟ್ಟರೆ ಹಟ್ಟಿಯಲ್ಲಿ ಮುಖವಿಲ್ಲ, ಸುಮ್ಮನಿದ್ದರೆ ಗುಡ್ಡವಿಲ್ಲ. ಮುನಿಗಂಗಮ್ಮ ಎದ್ದು ಮೇಜಿನ ಮುಂದೆ ಹೋಗಿ ನಿಂತಳು.

"ಸಾ, ಇನ್ನೊಂದ್ ಕಿತ ಕೇಳಿ."

ಕಾಶಿನಾಥ ಗೊಂದಲದಿಂದ ಪೆನ್ನು ತೆಗೆದು ಮತ್ತೆ ಕೇಳಿದ. ಮುನಿಗಂಗಮ್ಮ ಬ್ಯಾಡ ಸಾ ಎಂದಳು. ಉಮೇಶ ಗಟ್ಟಿಯಾಗಿ ನಕ್ಕ. ತನ್ನನ್ನು ಆಟ ಆಡಿಸುತ್ತಿದ್ದಾಳೆಂದು ಕಾಶಿನಾಥನ ಮುಖ ಕೆಂಪಾಯಿತು.

"ಕ್ವಾಪ ಮಾಡ್ಕೋಬ್ಯಾಡಿ ಸಾ," ಎಂದಳು ಮುನಿಗಂಗಮ್ಮ. "ನಮ್ಮಟ್ಟೀಲಿ ತಟ್ಟೆ ಸುತ್ ಬಂದಂಗೆಲ್ಲ ಕೇಳ್ತಾರೆ, ಮೂರ್ ಕಿತ. ಎಲ್ಡ್ ಕಿತ ಬ್ಯಾಡ ಅನ್ಬೇಕು. ಇದು ನಮ್ ಸಬೆ ತಾನೆ? ನಮ್ಮಂಗೇ ಕೇಳಿ."

ಕಾಶಿನಾಥ ಅವಳನ್ನು ನೋಡಿದ, ತಟ್ಟೆಯನ್ನು ನೋಡಿದ, ತಾನು ಬರೆದದ್ದನ್ನು ನೋಡಿದ. ಆಮೇಲೆ ಕುರ್ಚಿ ಬಿಟ್ಟು ಚಾಪೆಯ ಮೇಲೆ ಲಕ್ಕಣ್ಣನ ಪಕ್ಕ ಬಂದು ಕೂತ. ತಟ್ಟೆ ಮತ್ತೆ ಹೊರಟು ತನ್ನ ಬಳಿ ಬಂದಾಗ, ಅಭ್ಯಾಸವಿಲ್ಲದಿದ್ದರೂ, ಒಂದೆಲೆ ತೆಗೆದುಕೊಂಡ. ಸುತ್ತು ಮುಗಿಯುವವರೆಗೆ ಕಾದು ಮೂರನೆಯ ಸಲ ಕೇಳಿದ.

"ಊಂ ಸಾ. ಆಗ್ತೀನಿ."

ಲಕ್ಕಣ್ಣ ತೊಡೆ ತಟ್ಟಿದ. ಹೆಂಗಸರು ಮುನಿಗಂಗಮ್ಮನನ್ನು ಹಿಡಿದು ಎಳೆದಾಡಿದರು. ಕಾಶಿನಾಥ ಹಳೆಯ ಸಾಲುಗಳನ್ನು ಹೊಡೆದುಹಾಕಿ, ಹಟ್ಟಿಯ ಪದ್ಧತಿಯಂತೆ ಮೂರು ಬಾರಿ ಕೇಳಲಾಗಿ ಮುನಿಗಂಗಮ್ಮನವರು ಒಪ್ಪಿದರು ಎಂದು ನಡಾವಳಿಯಲ್ಲಿ ಬರೆದು ಓದಿದ. ಓದಿದ್ದು ಸಾಲದೆಂದು ಎರಡು ಸಲ ಓದಿಸಿದರು. ಅಸಲಿ ಪಾಡು ಶುರುವಾದದ್ದು ಆಮೇಲೆ. ಇನ್ನೂ ಹತ್ತು ಜನ ಸದಸ್ಯರಾಗಬೇಕಿತ್ತು, ಒಬ್ಬೊಬ್ಬರನ್ನೂ ಮೂರು ಮೂರು ಸಲ ಕೇಳಬೇಕಿತ್ತು. ಉಮೇಶ ನಾಲ್ಕನೆಯ ಸದಸ್ಯನ ಎರಡನೆಯ ನಿರಾಕರಣೆಯ ಹೊತ್ತಿಗೆ ಹೊರಟುಹೋದ. ಕಾಶಿನಾಥ ಸಂಜೆಯವರೆಗೂ ಕೂತು, ಬಾಯಿ ಕೆಂಪಗೆ ಮಾಡಿಕೊಂಡು, ನಗುನಗುತ್ತ ಹೋದ.

ಹಕ್ಕುಪತ್ರ ಕೈಗೆ ಬರಲು ಮತ್ತೆ ಮೂರು ವರ್ಷ ಹಿಡಿಯಿತು. ೨೦೧೭ರ ದೀಪಾವಳಿ ಮುಗಿದ ಮೇಲೆ ಗುಡ್ಡದ ಬುಡಕ್ಕೆ ಲಾರಿ ಬರಲಿಲ್ಲ. ಒಂದು ಬೆಳಿಗ್ಗೆ ಇಪ್ಪತ್ತೆರಡು ಮನೆಯವರೂ ಕುಡುಗೋಲು ಹಿಡಿದು, ಬುತ್ತಿ ಕಟ್ಟಿಕೊಂಡು, ಹಬ್ಬದ ಬಟ್ಟೆಯುಟ್ಟು ಹಾಡಿಕೊಂಡು ಗುಡ್ಡ ಹತ್ತಿದರು. ಹುಲ್ಲು ಸೊಂಟದೆತ್ತರ ನಿಂತಿತ್ತು. ಮುನಿಗಂಗಮ್ಮ ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ಊದಿದಳು. ಬೀಜ ಹಾರಲಿಲ್ಲ, ಹಸಿಯಾಗಿ ಕೈಗೇ ಅಂಟಿಕೊಂಡಿತು. ಮತ್ತೊಂದು ಕಿತ್ತು ನೋಡಿದಳು. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು.

"ಇನ್ನೂ ಬಲ್ತಿಲ್ಲ," ಎಂದಳು. "ಎಂಟ್ ದಿನ ಬಿಟ್ ಬರನ."

ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ಬುತ್ತಿ ಬಿಚ್ಚಿ ಅಲ್ಲೇ ಬಂಡೆಗಳ ಮೇಲೆ ಕೂತು ಉಂಡರು, ಕುಡುಗೋಲುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದರು. ಹಕ್ಕುಪತ್ರ ಬಂದ ತಾರೀಖು ಹಟ್ಟಿಯಲ್ಲಿ ಈಗ ಯಾರಿಗೂ ನೆನಪಿಲ್ಲ. ಒಂದು ಕಡ್ಡಿಯನ್ನೂ ಕೊಯ್ಯದೆ ಬರಿಗೈಯಲ್ಲಿ ಇಳಿದುಬಂದ ಆ ದಿನವನ್ನೇ ಅವರು ಗುಡ್ಡ ತಮ್ಮದಾದ ದಿನ ಎನ್ನುತ್ತಾರೆ.