ನೋಟಿಸ್ ಬೋರ್ಡಿನಲ್ಲಿ ಓದಿದವಳು

ನನ್ನ ಬಾಯಿ ಸ್ವಲ್ಪ ಜೋರು. ಮೈಸೂರಿನಲ್ಲಿದ್ದಾಗ ಅಮ್ಮಿ ಹಾಗೆನ್ನುತ್ತಿದ್ದರು. ಅಮೆರಿಕದ ಗೈದರ್ಸ್‌ಬರ್ಗಿಗೆ ಬಂದ ಮೇಲೆ ಗಂಡ ಅನ್ನುತ್ತಾರೆ. ಈಗ ಹದಿನೈದರ ಮಗಳು ಅದನ್ನೇ ಇಂಗ್ಲಿಷಿನಲ್ಲಿ ಅನ್ನುತ್ತಾಳೆ. ಲ್ಯಾಬಿನಲ್ಲಿ ನನ್ನ ಕೆಲಸವೂ ಅಂಥದ್ದೇ: ಔಷಧಿಯ ಮಾದರಿ ನೋಡಿ ಪಾಸೋ ಫೇಲೋ ಬರೆಯುವುದು. ಮನುಷ್ಯರ ವಿಷಯದಲ್ಲಿ ಅಷ್ಟು ಪರೀಕ್ಷೆಯನ್ನೂ ನಾನು ಮಾಡುವುದಿಲ್ಲ.

ನಾನು ಹೇಳಹೊರಟಿರುವ ಗೆಳತಿ ಪರಿಚಯವಾದದ್ದು 2020ರ ಬೇಸಿಗೆಯಲ್ಲಿ. ಶಾಲೆ ಮುಚ್ಚಿತ್ತು, ಬ್ಯಾಡ್ಮಿಂಟನ್ ಕ್ಲಬ್ ಮುಚ್ಚಿತ್ತು. ಸಂಜೆ ಆರಕ್ಕೆ ನಾನೂ ಮಗಳೂ ನಮ್ಮ ಟೌನ್‌ಹೌಸ್ ಸಾಲಿನ ಹಿಂದಿನ ಪಾರ್ಕಿಂಗ್ ಲಾಟಿನಲ್ಲಿ ನೆಟ್ ಇಲ್ಲದೆ ಆಡುತ್ತಿದ್ದೆವು. ಗಾಳಿಗೆ ಷಟಲ್ ಹೋಗಿ ಯಾರದೋ ಕಾರಿನ ಮೇಲೆ ಬೀಳುತ್ತಿತ್ತು. ಎದುರು ಸಾಲಿನ ಹೆಂಗಸೊಬ್ಬರು ಮಾಸ್ಕ್ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತು ಮೂರು ದಿನ ಸುಮ್ಮನೆ ನೋಡಿದರು. ನಾಲ್ಕನೆಯ ದಿನ ತಮ್ಮದೇ ರ‍್ಯಾಕೆಟ್ ತಂದರು. ಮಗಳು ಎಲ್ಲೆಲ್ಲೋ ಹೊಡೆದಳು. ಅವರು ಒಂದೇ ಹೆಜ್ಜೆ ಸರಿದು, ಗಾಳಿ ಯಾವ ಕಡೆಗಿದೆ ಎಂದು ನೋಡಿಕೊಂಡು, ಷಟಲನ್ನು ತಿರುಗಿ ಅವಳ ಮುಂದಕ್ಕೇ ಕಳಿಸಿದರು. ಇಪ್ಪತ್ತು ಹೊಡೆತವಾದರೂ ಮಗಳು ನಿಂತ ಜಾಗದಿಂದ ಕದಲಬೇಕಾಗಲಿಲ್ಲ.

“ಎಲ್ಲಿ ಕಲಿತಿರಿ?” ಎಂದು ಕೇಳಿದೆ.

“ಜಪಾನಿನಲ್ಲಿ. ಅದು ನನ್ನ ಕೆಲಸವಾಗಿತ್ತು,” ಎಂದರು.

ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವರದು ಒಂದೊಂದೇ ಪದ ಹುಡುಕಿ ಜೋಡಿಸುವ ಇಂಗ್ಲಿಷ್, ನನ್ನದು ಎದುರಿನವರಿಗೆ ಉಸಿರಾಡಲು ಬಿಡದ ಇಂಗ್ಲಿಷ್. ಅವರ ಗಂಡ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ವಿಜ್ಞಾನಿ. ಮಕ್ಕಳಿರಲಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವರು.

ಅವರ ಕೆಲಸ ಎಂಥದ್ದಾಗಿತ್ತು ಎನ್ನುವುದು ನನಗೆ ಬಿಡಿಬಿಡಿಯಾಗಿ ತಿಳಿಯಿತು. ಅಲ್ಲಿ ದೊಡ್ಡ ಕಂಪನಿಗಳಿಗೆ ತಮ್ಮದೇ ಬ್ಯಾಡ್ಮಿಂಟನ್ ತಂಡಗಳಿರುತ್ತವಂತೆ. ಹೈಸ್ಕೂಲು ಮುಗಿಸಿದ ಹುಡುಗಿಯರನ್ನು ನೌಕರಿಗೆ ಸೇರಿಸಿಕೊಳ್ಳುತ್ತಾರೆ. ಬೆಳಿಗ್ಗೆ ಆಫೀಸಿನಲ್ಲಿ ಕೂತು ಕಾಗದಪತ್ರ ವಿಂಗಡಿಸಬೇಕು, ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಆಡಬೇಕು. ಹದಿನೆಂಟಕ್ಕೆ ಸೇರಿದ ಇವರನ್ನು ಮೊದಲ ವಾರದಲ್ಲೇ ಅದೇ ವಯಸ್ಸಿನ ಇನ್ನೊಬ್ಬ ಹುಡುಗಿಯ ಜೊತೆ ಡಬಲ್ಸ್‌ಗೆ ಹಾಕಿದರು. ಏಳು ವರ್ಷ ಇಬ್ಬರಿಗೂ ಒಂದೇ ಕೋಣೆ, ಒಂದೇ ಹೊತ್ತಿಗೆ ಊಟ, ಒಂದೇ ಬಣ್ಣದ ಅಂಗಿ. ಇಬ್ಬರ ಹೆಸರಿನಿಂದಲೂ ಒಂದೊಂದು ತುಂಡು ತೆಗೆದು ಜೋಡಿಗೊಂದು ಹೊಸ ಹೆಸರು ಕಟ್ಟುವುದು ಅಲ್ಲಿನ ರೂಢಿ. ಕೋಚ್ ಆ ಹೆಸರು ಕೂಗಿದರೆ ಇಬ್ಬರೂ ಓಡಬೇಕು.

ಆ ಜೋಡಿ ಮುರಿದ ಕತೆಯನ್ನು ಅವರು ಹೇಳಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಪಾರ್ಕಿಂಗ್ ಲಾಟಿನ ಅಂಚಿನ ಕಟ್ಟೆಯ ಮೇಲೆ ಆರಡಿ ದೂರ ಬಿಟ್ಟು ಕೂತಿದ್ದೆವು. ಏಳನೆಯ ವರ್ಷ ಅವರ ಮಂಡಿ ಕೆಟ್ಟಿತಂತೆ. ಕೋಚ್ ಅವರ ಜೊತೆಗಾತಿಯನ್ನು ಒಬ್ಬಳನ್ನೇ ಕರೆದು, ಹೊಸದಾಗಿ ಬಂದಿರುವ ಹುಡುಗಿಯ ಜೊತೆ ಆಡುತ್ತೀಯಾ ಎಂದು ಕೇಳಿದರು. ಅವಳು ಒಪ್ಪಿದಳು. ಹಾಗಾದರೆ ನಿನ್ನ ಗೆಳತಿಗೆ ನೀನೇ ಹೇಳು ಎಂದರು ಕೋಚ್. ಅವಳು ಅದಕ್ಕೂ ಹೂಂ ಅಂದಳು.

“ಒಂದು ವಾರ ಒಂದೇ ಕೋಣೆಯಲ್ಲಿ ಮಲಗಿದೆವು,” ಎಂದರು ಅವರು. “ಅವಳು ಹೇಳಲಿಲ್ಲ. ಸೋಮವಾರ ನೋಟಿಸ್ ಬೋರ್ಡಿನಲ್ಲಿ ಹೊಸ ಜೋಡಿಗಳ ಪಟ್ಟಿ ಹಾಕಿದರು. ಅದನ್ನು ಓದಿ ಗೊತ್ತಾಯಿತು.”

ಬಿಟ್ಟುಹೋದವಳು ಜಕಾರ್ತ, ಡೆನ್ಮಾರ್ಕ್ ಎಂದು ದೇಶ ಸುತ್ತಿ ಆಡಿದಳು. ಮಂಡಿ ಕೆಟ್ಟವಳು ಆಟ ಬಿಟ್ಟು ಅದೇ ಆಫೀಸಿನಲ್ಲಿ ಕಾಗದ ವಿಂಗಡಿಸುತ್ತ ಉಳಿದಳು. ಇಬ್ಬರೂ ಆ ವಿಷಯ ಮತ್ತೆಂದೂ ಎತ್ತಲಿಲ್ಲ.

ನನಗೆ ಮೈಯೆಲ್ಲ ಉರಿಯಿತು. “ಬೆನ್ನಿಗೆ ಚೂರಿ ಹಾಕೋದು ಅಂದ್ರೆ ಇದೇ,” ಎಂದೆ. “ಆಡೋಕೆ ಹೋಗಿದ್ದು ತಪ್ಪಲ್ಲ. ಒಂದೇ ಕೋಣೇಲಿದ್ದು ಹೇಳದೇ ಇದ್ದದ್ದು ತಪ್ಪು. ಅಂಥವಳನ್ನ ಕ್ಷಮಿಸಬಾರದು. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ, ಅವಳು ಬಂದು ಕಾಲು ಹಿಡಿದ್ರೂ ಮುಖ ನೋಡ್ತಿರಲಿಲ್ಲ.”

ಅವರು “ಹೌದು” ಎಂದರು. ನನ್ನ ಮಾತಿನಿಂದ ಅವರಿಗೆ ಸಮಾಧಾನವಾಯಿತು ಎಂದುಕೊಂಡು ನಾನು ಮನೆಗೆ ಹೋಗಿ ಅನ್ನಕ್ಕಿಟ್ಟೆ.

ಮರುವರ್ಷ ಕ್ಲಬ್ ತೆರೆದ ಮೇಲೆ ನಾವಿಬ್ಬರೂ ಜೋಡಿಯಾದೆವು. ಅಂಥವರು ನನ್ನಂಥವಳ ಜೊತೆ ಯಾಕೆ ಆಡುತ್ತಾರೆ ಎಂದು ಕ್ಲಬ್ಬಿನಲ್ಲಿ ಎಲ್ಲರಿಗೂ ಆಶ್ಚರ್ಯ. ನಾನು ಕಾಲೇಜಿನಲ್ಲಿ ಮೂರು ವರ್ಷ ತಂಡದಲ್ಲಿದ್ದವಳು, ಆದರೆ ಮೀಸಲು ಆಟಗಾರ್ತಿ. ಉಳಿದವರು ಕಪ್ ಹಿಡಿದು ಫೋಟೋಗೆ ನಿಂತಾಗ ನಾನು ಅವರ ಬ್ಯಾಗುಗಳನ್ನು ಕಾಯುತ್ತಿದ್ದೆ. ನಲವತ್ತು ದಾಟಿದ ಮೇಲೂ ಆ ಆಸೆ ಹೋಗಿರಲಿಲ್ಲ. ಒಂದು ಕಪ್, ನನ್ನ ಕೈಯಲ್ಲಿ, ಒಂದು ಫೋಟೋ. ಇದನ್ನು ಗಂಡನಿಗೂ ಹೇಳಿರಲಿಲ್ಲ, ಅವರಿಗೆ ಹೇಳಿದ್ದೆ.

ಅವರು ಹಿಂದೆ ನಿಲ್ಲುತ್ತಿದ್ದರು, ನಾನು ನೆಟ್ಟಿನ ಹತ್ತಿರ. ನನ್ನ ತಲೆ ದಾಟಿ ಹೋದದ್ದೆಲ್ಲ ಅವರದು. ನಾನು ಬಿಟ್ಟದ್ದಕ್ಕೂ ಅವರೇ ಕ್ಷಮೆ ಕೇಳುತ್ತಿದ್ದರು. ಅದು ನನಗೆ ಸಿಟ್ಟು ತರಿಸುತ್ತಿತ್ತು. ನನ್ನ ರ‍್ಯಾಕೆಟ್ಟಿನ ತಂತಿ ಸಡಿಲವಾದರೆ ತಮ್ಮ ನೆಲಮಾಳಿಗೆಯಲ್ಲಿದ್ದ ಪುಟ್ಟ ಮೆಷಿನ್ನಿನಲ್ಲಿ ಬಿಗಿದು ಕೊಡುತ್ತಿದ್ದರು. ರಂಜಾನಿನಲ್ಲಿ ನಾನು ಉಪವಾಸವಿದ್ದೇ ಆಡಲು ಹೋದರೆ ಅವರು ತಮ್ಮ ನೀರಿನ ಬಾಟಲಿಯನ್ನು ಕಾರಿನಲ್ಲೇ ಬಿಟ್ಟು ಬರುತ್ತಿದ್ದರು. “ನೀವು ಕುಡೀರಿ, ನನಗೇನೂ ಆಗಲ್ಲ,” ಎಂದರೆ ಬಾಯಾರಿಕೆಯಿಲ್ಲ ಎನ್ನುತ್ತಿದ್ದರು. ಬೆವರು ನೋಡಿದರೆ ಗೊತ್ತಾಗುತ್ತಿತ್ತು, ಸುಳ್ಳೆಂದು.

ಒಮ್ಮೆ ಕ್ಲಬ್ಬಿನಲ್ಲಿ ಏಸಿ ಗಾಳಿಗೆ ಷಟಲ್ ವಾಲುತ್ತಿದ್ದಾಗ, “ಜಕಾರ್ತದ ಕೋರ್ಟಿನಲ್ಲೂ ಹೀಗೇ, ಎಡಕ್ಕೆ ಎಳೆಯುತ್ತದೆ,” ಎಂದರು. ನಾನು ಹಾಗಾ ಎಂದು ಸರ್ವ್ ಮಾಡಿದೆ. ನನ್ನ ಬುದ್ಧಿ ಅಷ್ಟೇ.

2022ರಲ್ಲಿ ಅಟ್ಲಾಂಟಾದ ಒಂದು ಟೂರ್ನಮೆಂಟಿಗೆ ಹೋದೆವು. ಅಲ್ಲೇ ಪಕ್ಕದ ಕಮ್ಮಿಂಗ್ ಊರಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಉಳಿದಿದ್ದೆವು. ಸೆಮಿಫೈನಲ್ಲಿನ ಕೊನೆಯ ಗೇಮಿನಲ್ಲಿ ಅವರ ಬಲಮಂಡಿ ಹಿಡಿದುಕೊಂಡಿತು. ಕಾಲೆಳೆದುಕೊಂಡೇ ಆಡಿದರು, ಸೋತೆವು. ಅವರು ನನಗೆ ತಲೆಬಾಗಿಸಿ ಕ್ಷಮೆ ಕೇಳಿದರು, ಮನೆಗೆ ಬಂದು ಬಿರಿಯಾನಿ ಮಾಡಿ ಕಾದಿದ್ದ ತಂಗಿಗೂ ಕೇಳಿದರು. ವಾಪಸ್ ಬರುವಾಗ ಸೌತ್ ಕ್ಯಾರೊಲಿನಾ ದಾಟುವವರೆಗೆ ನಾನು ತುಟಿ ಬಿಚ್ಚಲಿಲ್ಲ. ಪಕ್ಕದ ಸೀಟಿನಲ್ಲಿ ಅವರು ಐಸ್ ಕಟ್ಟಿದ ಮಂಡಿ ಚಾಚಿಕೊಂಡು ಕೂತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ.

ಆಮೇಲೆ ಇನ್ನೂ ಮೂರು ಕಡೆ ಆಡಿದೆವು, ಮೂರರಲ್ಲೂ ಮಂಡಿ ಕೈಕೊಟ್ಟಿತು. 2024ರಲ್ಲಿ ಕ್ಲಬ್ಬಿಗೆ ಪಕ್ಕದ ರಾಜ್ಯದ ಆಶ್‌ಬರ್ನಿನಿಂದ ಒಬ್ಬ ಹುಡುಗಿ ಬರತೊಡಗಿದಳು. ಬೆಂಗಳೂರಿನವಳು, ಸಾಫ್ಟ್‌ವೇರ್, ಮೂವತ್ತರ ಆಸುಪಾಸು, ಒಳ್ಳೆ ಜಿಂಕೆ ಥರ ಓಡುತ್ತಿದ್ದಳು.

“ಆಂಟಿ, ನೆಟ್ ಹತ್ರ ನಿಮ್ ಕೈ ಸೂಪರ್ ಇದೆ,” ಎಂದಳು ಒಂದು ದಿನ. “ಹಿಂದೆ ಫುಲ್ ನಾನು ಕವರ್ ಮಾಡ್ತೀನಿ. ಶಾರ್ಲೆಟ್ ಟೂರ್ನಮೆಂಟ್‌ಗೆ ಒಟ್ಟಿಗೆ ರಿಜಿಸ್ಟರ್ ಮಾಡೋಣ್ವಾ?”

ಆಂಟಿ ಅಂದದ್ದಕ್ಕೆ ಒಂದು ಕ್ಷಣ ಸಿಟ್ಟು ಬಂತು. ಆದರೆ ಹೂಂ ಎನ್ನಲು ಎರಡು ಕ್ಷಣವೂ ಬೇಕಾಗಲಿಲ್ಲ.

“ನಿಮ್ ಪಾರ್ಟ್‌ನರ್‌ಗೆ ನೀವೇ ಹೇಳ್ತೀರಲ್ವಾ?”

“ಹೇಳ್ತೀನಿ ಬಿಡಮ್ಮ.”

ಟೂರ್ನಮೆಂಟಿಗೆ ಐದು ವಾರವಿತ್ತು. ವಾರಕ್ಕೆರಡು ಸಲ ಅವರೂ ನಾನೂ ಎಂದಿನಂತೆ ಒಟ್ಟಿಗೆ ಆಡುತ್ತಿದ್ದೆವು, ಒಂದೇ ಕಾರಿನಲ್ಲಿ ಹೋಗಿ ಬರುತ್ತಿದ್ದೆವು. ಇವತ್ತು ಅವರ ಮುಖ ಬಾಡಿದೆ, ನಾಳೆ ಹೇಳಿದರಾಯಿತು. ಇವತ್ತು ಖುಷಿಯಾಗಿದ್ದಾರೆ, ಯಾಕೆ ಕೆಡಿಸಲಿ. ಹೇಗೂ ಅವರ ಮಂಡಿಗೆ ವಿಶ್ರಾಂತಿ ಬೇಕು ಎಂದೂ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೂ ಆಗಿರಲಿಲ್ಲ, ಹಾಗಾಗಿ ಇನ್ನಷ್ಟು ಅನುಕೂಲವಾಯಿತು. ಹೊರಡುವ ಹಿಂದಿನ ಬುಧವಾರ ಅವರು ನನ್ನ ರ‍್ಯಾಕೆಟ್ಟಿಗೆ ಹೊಸ ತಂತಿ ಬಿಗಿದು ತಂದರು. “ಶಾರ್ಲೆಟ್‌ನಲ್ಲಿ ಸೆಕೆ. ತಂತಿ ಸಡಿಲವಾಗುತ್ತದೆ, ಅದಕ್ಕೆ ಸ್ವಲ್ಪ ಜಾಸ್ತಿ ಬಿಗಿದಿದ್ದೇನೆ,” ಎಂದರು. ನಾನು ಶಾರ್ಲೆಟ್ ವಿಷಯ ಅವರಿಗೆ ಹೇಳಿಯೇ ಇರಲಿಲ್ಲ. ಪ್ರತಿವರ್ಷ ಎಲ್ಲರೂ ಹೋಗುವ ಟೂರ್ನಮೆಂಟು, ನಾವೂ ಜೋಡಿಯಾಗಿ ಹೋಗುತ್ತೇವೆ ಎಂದುಕೊಂಡಿರಬೇಕು ಅನ್ನಿಸಿತು. ಆದರೂ ಥ್ಯಾಂಕ್ಸ್ ಎಂದು ರ‍್ಯಾಕೆಟ್ ತೆಗೆದುಕೊಂಡು ಬಂದುಬಿಟ್ಟೆ.

ಶಾರ್ಲೆಟ್‌ನಲ್ಲಿ ಗೆದ್ದೆವು. ಕಪ್ ಸಿಕ್ಕಿತು, ಫೋಟೋ ಆಯಿತು. ವಾಪಸ್ ಬರುವಾಗ ಆಶ್‌ಬರ್ನಿನ ಹುಡುಗಿ ಡ್ರೈವ್ ಮಾಡುತ್ತಿದ್ದಳು.

“ಅವ್ರು ಎಷ್ಟ್ ಗ್ರೇಟ್ ಅಲ್ವಾ ಆಂಟಿ,” ಎಂದಳು. “ಸೋಮವಾರ ಆನ್‌ಲೈನಲ್ಲಿ ಡ್ರಾ ಹಾಕಿದ್ರಲ್ಲ, ಅವತ್ತೇ ನಂಗೆ ಮೆಸೇಜ್ ಮಾಡಿದ್ರು. ನೀವು ಎಡಗಡೆಗೆ ಲೇಟಾಗಿ ತಿರುಗ್ತೀರ, ಅಲ್ಲಿ ನೋಡ್ಕೋ ಅಂತ.”

ಪಂದ್ಯಗಳ ಆ ಪಟ್ಟಿಯಲ್ಲಿ ನನ್ನ ಹೆಸರಿನ ಪಕ್ಕ ಬೇರೆಯವಳ ಹೆಸರನ್ನು ಅವರು ಸೋಮವಾರವೇ ಓದಿದ್ದರು. ಬುಧವಾರ ನನ್ನ ಕೈಗೆ ರ‍್ಯಾಕೆಟ್ ಕೊಟ್ಟಾಗ ಎಲ್ಲವೂ ಗೊತ್ತಿತ್ತು. ನಾನು ಹೇಳಲಿ ಎಂದು ಅವಕಾಶ ಕೊಟ್ಟು ನಿಂತಿದ್ದರೋ ಏನೋ. ನಾನು ಥ್ಯಾಂಕ್ಸ್ ಎಂದಿದ್ದೆ.

ಆಮೇಲೆ ಅವರು ಕ್ಲಬ್ಬಿಗೆ ಬರಲಿಲ್ಲ. ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ನೂರು ಹೆಜ್ಜೆ ಇರಬಹುದು. ಎಂಟು ತಿಂಗಳು ನಾನು ಹೋಗಲಿಲ್ಲ. ಕಸದ ಡಬ್ಬಿ ಹೊರಗಿಡುವಾಗ ಎದುರಾದರೆ ಕೈಯೆತ್ತುತ್ತಿದ್ದೆವು. ಟಿವಿಯ ಪಕ್ಕ ಇಟ್ಟಿದ್ದ ಕಪ್ಪನ್ನು ನಾನೇ ತೆಗೆದು ಗರಾಜಿನಲ್ಲಿಟ್ಟೆ. ಮಗಳು “ಜಸ್ಟ್ ಗೋ ಮಾತಾಡು, ಅಮ್ಮಿ,” ಎಂದಳು. ಅವಳಿಗೇನು ಗೊತ್ತು ಎಂದು ಬೈದೆ.

ಕಳೆದ ವರ್ಷ ಪ್ರಯೋಗಾಲಯದಲ್ಲಿ ಅವರ ಗಂಡನ ಕೆಲಸ ನಿಂತುಹೋಯಿತು. ಇಬ್ಬರೂ ಜಪಾನಿಗೆ ವಾಪಸ್ ಹೋಗುತ್ತಿದ್ದಾರೆಂದು ಕ್ಲಬ್ಬಿನಲ್ಲಿ ಯಾರೋ ಹೇಳಿದರು. ಅವತ್ತೇ ಸಂಜೆ ಹೋಗಿ ಬೆಲ್ ಒತ್ತಿದೆ. ಒಳಗೆ ರಟ್ಟಿನ ಡಬ್ಬಗಳ ರಾಶಿ. ಕೂರಲು ಕುರ್ಚಿಯೂ ಇರಲಿಲ್ಲ, ಡಬ್ಬಗಳ ಮೇಲೆ ಕೂತೆವು. ಬರುವ ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

“ತಪ್ಪಾಯ್ತು,” ಎಂದೆ. “ನಿಮಗೆ ಮೊದಲೇ ಹೇಳಬೇಕಿತ್ತು. ಹೇಳೋ ಧೈರ್ಯ ಬರಲಿಲ್ಲ. ನಿಮಗೆ ಹಿಂದೆ ಒಂದ್ಸಲ ಹೀಗೇ ಆಗಿದೆ ಅಂತ ಗೊತ್ತಿದ್ದೂ ಮಾಡಿದೆ.”

ಅವರು ಕೈಯಲ್ಲಿದ್ದ ಟೇಪಿನ ಸುರುಳಿಯನ್ನು ಕೆಳಗಿಟ್ಟರು.

“ನನಗೆ ಹಾಗೆ ಆಗಿರಲಿಲ್ಲ,” ಎಂದರು. “ಆಗ ಮಂಡಿ ಕೆಟ್ಟದ್ದು ಅವಳದು, ನನ್ನದು ಕೆಟ್ಟದ್ದು ಈಚೆಗೆ. ಬೋರ್ಡಿನಲ್ಲಿ ಓದಿದ್ದು ಅವಳು. ಒಂದು ವಾರ ಸುಮ್ಮನಿದ್ದದ್ದು ನಾನು.”

ನನಗೆ ಅರ್ಥವಾಗಲು ಸಮಯ ಹಿಡಿಯಿತು. ಜಕಾರ್ತಕ್ಕೆ ಹೋದವರು ಇವರೇ. ಡೆನ್ಮಾರ್ಕಿಗೆ ಹೋದವರೂ ಇವರೇ. ಆಫೀಸಿನಲ್ಲಿ ಕಾಗದ ವಿಂಗಡಿಸುತ್ತ ಉಳಿದವಳು ಅವಳು.

“ಮತ್ತೆ ಯಾಕೆ ಉಲ್ಟಾ ಹೇಳಿದ್ರಿ?”

“ನಾನು ನಿಮಗೆ ಹೇಳಿದ ವರ್ಷ, ಸೆಪ್ಟೆಂಬರಿನಲ್ಲಿ ಅವಳು ತೀರಿಕೊಂಡಳು. ಕೊರೋನಾ ಅಲ್ಲ, ಬೇರೆ ಕಾಯಿಲೆ. ಕಾಯಿಲೆಯ ವಿಷಯ ನನಗೆ ಮೊದಲೇ ತಿಳಿದಿತ್ತು, ಬರೆಯಬೇಕು ಬರೆಯಬೇಕು ಎಂದುಕೊಳ್ಳುತ್ತಲೇ ಇದ್ದೆ.” ಪದಗಳಿಗಾಗಿ ಹುಡುಕಿದರು. “ಇನ್ನು ಕ್ಷಮೆ ಕೇಳಲು ಅವಳಿಲ್ಲ. ಅವಳ ಜಾಗದಲ್ಲಿ ನಿಂತು ಒಬ್ಬರಿಗೆ ಹೇಳಿದರೆ, ಅವಳು ಏನು ಅನ್ನುತ್ತಿದ್ದಳೋ ಗೊತ್ತಾಗಬಹುದು ಅನ್ನಿಸಿತು. ನೀವು ಅಂದಿರಿ.”

ಕಾಲು ಹಿಡಿದರೂ ಮುಖ ನೋಡುತ್ತಿರಲಿಲ್ಲ. ಅದನ್ನು ನಾನು ಹೇಳಿದ್ದು ಗೆಳತಿ ಸತ್ತು ತಿಂಗಳೂ ತುಂಬದಿದ್ದವರ ಮುಂದೆ.

“ಅಯ್ಯೋ, ನಾನು ಯಾರಿಗೆ ಅಂತ ಗೊತ್ತಿಲ್ದೇ ಅಂದಿದ್ದು. ಅದನ್ನ ಲೆಕ್ಕಕ್ಕೆ ಇಟ್ಕೋಬೇಡಿ.” ನನಗೆ ಅಳು ಬಂದುಬಿಟ್ಟಿತ್ತು.

“ಗೊತ್ತಿಲ್ಲದೆ ಹೇಳಿದ್ದರಿಂದಲೇ ಅದು ನಿಜ,” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. “ನಿಮ್ಮದು ಬೇರೆ. ತಡವಾದರೂ ನೀವು ಬಂದಿರಿ. ನಿಮ್ಮ ಮೇಲೆ ನನಗೆ ಏನೂ ಇಲ್ಲ.”

“ಅವಳಿದ್ದಿದ್ರೆ ಅವಳೂ ಹೀಗೇ ಹೇಳ್ತಿದ್ಲು. ಖಂಡಿತ ಕ್ಷಮಿಸ್ತಿದ್ಲು,” ಎಂದೆ.

“ನಿಮಗೆ ಅವಳು ಗೊತ್ತಿಲ್ಲ,” ಎಂದರು ಅವರು.

ಅದು ನಿಜ. ಅವಳ ಮುಖವನ್ನೂ ನಾನು ಕಂಡವಳಲ್ಲ. ಆದರೂ ಅವಳ ಪರವಾಗಿ ಒಮ್ಮೆ ಉತ್ತರ ಕೊಟ್ಟುಬಿಟ್ಟಿದ್ದೆ, ಅದನ್ನು ಇವರು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅವಳ ಮಾತೆಂದೇ ಇಟ್ಟುಕೊಂಡಿದ್ದರು. ಈಗ ನಾನು ಎರಡನೆಯ ಉತ್ತರ ಕೊಡಲು ಹೋದರೆ ಅದನ್ನು ನಂಬಲು ಅವರು ತಯಾರಿರಲಿಲ್ಲ.